ಅಪ್ಪನ ಅಂಗಿಯ ಮೇಲಿನ ಹಕ್ಕಿ

ನೀರು ಚಿಮುಕಿಸಿದ ಅಂಗಿಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಗಂಜಿಯದು, ಅರ್ಧ ಇದ್ದಿಲಿನದು, ಅದು ಮೂಗಿಗೆ ಬಡಿದರೆ ನಾನು ನಿಂತಲ್ಲಿ ನಿಲ್ಲಲಾರೆ. ಹೊಸಪೇಟೆಯ ನಮ್ಮ ಓಣಿಯ ತಿರುವಿನಲ್ಲಿ ಒಬ್ಬರು ಇವತ್ತಿಗೂ ಇದ್ದಿಲು ತುಂಬಿಯೇ ಇಸ್ತ್ರಿ ಮಾಡುತ್ತಾರೆ. ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿಗೆ ಹೊರಟವಳು ಆ ಬಂಡಿ ದಾಟುವಷ್ಟರಲ್ಲಿ ನನ್ನ ಕಿವಿ ತಾನಾಗೇ ಆಕಾಶಕ್ಕೆ ಹೋಗಿಬಿಡುತ್ತದೆ. ಬಂತೇ? ಇನ್ನೂ ಇಲ್ಲವೇ? ಇವತ್ತು ತಡವೇ? ಯಾರ ವಿಮಾನವೋ ಏನೋ, ಬಂದರೆ ನನಗೇನು, ಬಾರದಿದ್ದರೆ ನನಗೇನು! ಆದರೂ ಕತ್ತೆತ್ತಿ ನೋಡುತ್ತೇನೆ. ನಿಮಗೂ ಇಂಥದ್ದೊಂದು ಇದ್ದೀತು. ಮನೆ ಹೋಗಿ ಎಷ್ಟೋ ಕಾಲವಾದ ಮೇಲೂ ಆ ಮನೆಯ ಗಡಿಬಿಡಿ ಮಾತ್ರ ಮೈಯಲ್ಲಿ ಉಳಿದುಬಿಟ್ಟಿರುತ್ತದೆ.

ನಮ್ಮ ಮನೆ ಇದ್ದದ್ದು ತೋರಣಗಲ್ಲಿನ ಹೊರಗೆ, ಶೀಟು ಹೊದಿಸಿದ ಸಾಲುಮನೆಗಳಲ್ಲಿ ಕಡೆಯದು. ಒಣಹಾಕಿದ ಹಪ್ಪಳ ಕೆಂಪು, ಹಗ್ಗದ ಮೇಲಿನ ಬಟ್ಟೆ ಕೆಂಪು, ನನ್ನ ಬಿಳಿ ಸಾಕ್ಸು ಕೆಂಪು. ಎಲ್ಲ ಅದಿರಿನ ಧೂಳು. ಸುತ್ತ ಇದ್ದವರೆಲ್ಲ ಕಾರ್ಖಾನೆಯ ಪಾಳಿ ನೋಡಿಕೊಂಡು ಏಳುವವರು, ಮಲಗುವವರು. ನಾವು ಮಾತ್ರ ವಿಮಾನ ನೋಡಿಕೊಂಡು. ಅಪ್ಪ ಹತ್ತಿರದ ಸಣ್ಣ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಏರಿಸಿ ಇಳಿಸುವ ಕೆಲಸದಲ್ಲಿದ್ದ. ಬೆಂಗಳೂರಿನಿಂದ ದಿನಕ್ಕೊಂದು ಫ್ಯಾನಿನ ವಿಮಾನ ಬಂದು, ಹಂಪಿ ನೋಡುವವರನ್ನೂ ಕಾರ್ಖಾನೆಯ ಸಾಹೇಬರನ್ನೂ ಇಳಿಸಿ, ಬಂದ ದಾರಿಗೇ ತಿರುಗಿ ಹೋಗುತ್ತಿತ್ತು. ಬರುವ ಸದ್ದಿಗೆ ಅಮ್ಮ ಒಲೆಯ ಮೇಲೆ ಎಸರಿಡುವಳು, ಹೋಗುವ ಸದ್ದಿಗೆ ಅಪ್ಪನ ತಟ್ಟೆ ತೊಳೆದಿಡುವಳು. ಸದ್ದು ತಡವಾದರೆ ಮನೆಮಂದಿಗೆಲ್ಲ ಕುಂತಲ್ಲಿ ಕೂರಲಾಗದು. “ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟೀಯೇನ, ಒಂದ್ ಕಡೆ ಕುಂದ್ರು” ಎಂದು ಅಮ್ಮ ನನ್ನನ್ನು ಬೈದು, ತಾನೇ ಅಂಗಳಕ್ಕೆ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದಳು.

ಅಪ್ಪನ ಅಂಗಿ ಕಡುನೀಲಿ, ಅಮ್ಮ ದಿನಾ ಬೆಳಿಗ್ಗೆ ಗಂಜಿ ಹಾಕಿ ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿಕೊಡುತ್ತಿದ್ದದ್ದು. ಎದೆಯ ಎಡಗಡೆ ಒಂದು ಬಿಳಿ ಹಕ್ಕಿ, ಕೊರಳು ಮುಂದಕ್ಕೆ ಚಾಚಿ ರೆಕ್ಕೆ ಬಿಚ್ಚಿದ್ದು, ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಕಂಪನಿಯ ಗುರುತು. ಅದೇ ಹಕ್ಕಿ ವಿಮಾನದ ಬಾಲದ ಮೇಲೂ ಇತ್ತು. ಅಪ್ಪನ ತಾಯಿ, ನನ್ನ ಅಜ್ಜಿ, ಕಂಪ್ಲಿಯ ಹೊಳೆದಂಡೆಯವಳು. ಅವಳಿಗೆ ಬಿಳಿ ಹಕ್ಕಿ ಎಂದರೆ ಕೊಕ್ಕರೆಯೇ. “ಕೊಕ್ಕರಿ ಬಂತ್ ನೋಡ್ರಿ!” ಎಂದು ಸಾಲುಮನೆಗೆಲ್ಲ ಕೇಳುವಂತೆ ಕೂಗುವಳು. ಕಂಪನಿಯವರು ಅಪ್ಪನಿಗೆ ಒಂದು ಮಾತು ಕೊಟ್ಟಿದ್ದರು. ಇಂತಿಷ್ಟು ವರ್ಷ ಸರ್ವೀಸು ತುಂಬಿದರೆ ಮನೆಯವರೊಬ್ಬರಿಗೆ ಆ ಬೆಂಗಳೂರು ವಿಮಾನದಲ್ಲಿ ಪುಕ್ಕಟೆ ಪ್ರಯಾಣ. ನಾನು ನಾನು ಎಂದು ಕುಣಿದೆ. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ, “ಮೊದಲ ಅವ್ವ” ಎಂದ. ಅಜ್ಜಿಗೆ ಬೆಂಗಳೂರಿನ ಆಸೆ ಇರಲಿಲ್ಲ. ಅವಳಿಗೆ ಮೇಲಿನಿಂದ ಕಂಪ್ಲಿ ನೋಡಬೇಕಿತ್ತು. ಬಸ್ಸು ಹತ್ತಿದರೆ ಕಂಪ್ಲಿ ಏನು ದೂರ ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವಳ ಅಣ್ಣತಮ್ಮಂದಿರು ಪಾಲಾಗಿ, ಮನೆ ಮಾರಿ, ಗದ್ದೆ ತುಂಡು ತುಂಡಾಗಿ ಯಾರ್ಯಾರದೋ ಆಗಿತ್ತು. “ಕೆಳಗ ನಿಂತು ನೋಡಿದ್ರ ಮಂದಿ ಗ್ವಾಡಿ, ಮಂದಿ ಬದು ಕಾಣತಾವ. ಮ್ಯಾಲಿಂದ ಹೊಳಿ, ಭತ್ತ ಅಷ್ಟ ಕಾಣಬೇಕು. ನನ್ನ ತವರು ಇದ್ದಂಗ ಇರ್ತೈತಿ” ಎಂದಿದ್ದಳು. ಆ ದಿನಕ್ಕೆಂದು ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಎತ್ತಿಟ್ಟಿದ್ದಳು. ಯಾರ ಮದುವೆಗೂ ಅದನ್ನು ಉಡಲಿಲ್ಲ.

ಇನ್ನೇನು ಸ್ವಲ್ಪ ದಿನ, ಸರ್ವೀಸು ತುಂಬಿತು ಅನ್ನುವಾಗ ಅಪ್ಪ ಒಂದು ಪ್ಲಾಸ್ಟಿಕ್ ಚೀಲ ತಂದು ಅಮ್ಮನ ಮುಂದಿಟ್ಟ. ಒಳಗೆ ಕಿತ್ತಳೆ ಬಣ್ಣದ ಒಂದು ಸೂರ್ಯ. ಕೊಕ್ಕರೆಯ ಕಂಪನಿಯನ್ನು ಬೇರೆಯವರು ಕೊಂಡಿದ್ದರು, ಹೊಸ ಅಂಗಿ ಬರುವವರೆಗೆ ಹಳೆಯದಕ್ಕೇ ಈ ಬಿಲ್ಲೆ ಹಚ್ಚಿಕೊಳ್ಳಿ ಅಂದಿದ್ದರಂತೆ. ಹೊಸ ಅಂಗಿ ಬರಲೇ ಇಲ್ಲ, ಆ ಮಾತು ಬೇರೆ. ಅಮ್ಮ ಬ್ಲೇಡು ಹಿಡಿದು ಹಕ್ಕಿಯ ಹೊಲಿಗೆ ಬಿಚ್ಚಿದಳು. ಅದರ ಕೆಳಗೆ ಅಂಗಿ ಹೊಚ್ಚ ಹೊಸದು! ಬಿಸಿಲು, ಬೆವರು, ಧೂಳು ಯಾವುದೂ ಮುಟ್ಟದ ಕಡುನೀಲಿ, ಥೇಟ್ ಹಕ್ಕಿಯದೇ ಆಕಾರದಲ್ಲಿ. ಸೂರ್ಯ ಅದಕ್ಕಿಂತ ಚಿಕ್ಕದು. ಹೇಗೆ ಸರಿಸಿ ಹೊಲಿದರೂ ಒಂದು ಕಡೆ ಕೊಕ್ಕು, ಒಂದು ಕಡೆ ರೆಕ್ಕೆಯ ತುದಿ ಹೊರಗೆ ಇಣುಕಿತು. “ಸರ್ವೀಸು?” ಎಂದಳು ಅಮ್ಮ. “ಹೊಸ ಕಂಪನಿ ಅಲ್ಲೇನ. ಮತ್ತ ಮೊದಲಿಂದ” ಎಂದ ಅಪ್ಪ. ಅಜ್ಜಿ ಬಿಚ್ಚಿದ ಹಕ್ಕಿಯನ್ನು ಸೆರಗಿನಲ್ಲಿ ಒರೆಸಿ ತನ್ನ ಹೊಲಿಗೆಯ ಬುಟ್ಟಿಗೆ ಹಾಕಿಕೊಂಡಳು. ಮುಂದೆ ವಿಮಾನವೂ ಬಾಲಕ್ಕೆ ಸೂರ್ಯ ಬಳಿಸಿಕೊಂಡು ಬಂದಾಗ ಅಪ್ಪ ನಕ್ಕ: “ಬಣ್ಣ ಬ್ಯಾರೆ, ವಿಮಾನ ಅದ. ಸಾಮಾನಿನ ಬಾಗಲದಾಗ ಟ್ರಾಲಿ ಬಡದ ತೆಗ್ಗು ಹಂಗ ಐತಿ.” ಅಜ್ಜಿ ಮಾತ್ರ ಅವತ್ತು ಕೂಗಲಿಲ್ಲ.

ಆಗ ಅವಳು ನನ್ನ ಸಲುವಾಗಿ ಒಂದು ಸಣ್ಣ ಕೌದಿ ಹೊಲಿಯುತ್ತಿದ್ದಳು, ಹಳೆಯ ಸೀರೆ, ಧೋತರ, ನನ್ನ ಹರಿದ ಲಂಗ ಎಲ್ಲ ಕೂಡಿಸಿ. ಕೊಕ್ಕರೆಯನ್ನು ಅದರ ಒಂದು ಮೂಲೆಗೆ ಹಚ್ಚಿದಳು. ಸೂರ್ಯನೂ ಬಹಳ ಬಾಳಲಿಲ್ಲ, ಅದೂ ಕೌದಿಗೇ ಬಂತು. ನಡುವೆ ವಿಮಾನವೇ ನಿಂತುಹೋಗಿ, ಅಪ್ಪ ಅದೇ ಬೋಳು ಅಂಗಿ ತೊಟ್ಟು ಲಾರಿ ಆಫೀಸಿನ ಮೂಟೆ ಹೊರಲು ಹೋದ. ಎದೆಯ ಮೇಲೆ ಹಕ್ಕಿ ಮತ್ತು ಸೂರ್ಯ ಒಂದರೊಳಗೊಂದು ಕಡುನೀಲಿಯಾಗಿ ಎದ್ದು ಕಾಣುತ್ತಿದ್ದವು. ಸದ್ದಿಲ್ಲದ ಆಕಾಶದ ಕೆಳಗೆ ನಾವು ಇನ್ನೂ ಚಡಪಡಿಸಿದೆವು. ಆಮೇಲೆ ಮೂರನೆಯ ಕಂಪನಿ ಬಂತು, ಮತ್ತೆ ಮೊದಲಿಂದ ಎಣಿಕೆ. ಇದರ ಗುರುತು ಓರೆಯಾಗಿ ಎಳೆದ ಒಂದು ಕೆಂಪು ಗೀಟು. ಅಜ್ಜಿಗೆ ತಡೆಯಲಾಗಲಿಲ್ಲ. “ಇದೇನಪಾ, ಮಾಸ್ತರ ತಪ್ಪು ಹಾಕಿದಂಗ ಐತಲ್ಲ! ಹಕ್ಕಿ ಅಂದ್ರ ಹಾರತೈತಿ, ಸೂರ್ಯ ಅಂದ್ರ ಮ್ಯಾಲ ಇರ್ತಾನ. ಗೀಟು ಏನ್ ಮಾಡತೈತಿ?” ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವಳು ನಗಲಿಲ್ಲ. ಕೊನೆಕೊನೆಗೆ ಅಂಗಳಕ್ಕೆ ಬರಲೂ ಆಗದೆ, ಸದ್ದು ಕೇಳಿದೊಡನೆ ಹಾಸಿಗೆಯಿಂದಲೇ ಕೇಳುವಳು: “ಇವತ್ತ ಬಾಲಕ್ಕ ಏನೈತಿ?” ನಾನು ಓಡಿಹೋಗಿ ಗೀಟು ನೋಡಿ ಬಂದು ಹೇಳುತ್ತಿದ್ದೆ: “ಕೊಕ್ಕರಿ ಐತಜ್ಜಿ.” ಅವಳ ಮುಖ ಅರಳುತ್ತಿತ್ತು. ಕೌದಿ ಹಸಿದಿರಬಾರದು ಅನ್ನುವುದು ಅವಳ ಶಾಸ್ತ್ರ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಕಟಕ್ ರೊಟ್ಟಿ ಒಳಗಿಟ್ಟು ಹೊಲಿದಳು. ಗೀಟಿನ ಸರ್ವೀಸು ತುಂಬುವ ಮೊದಲೇ ಹೋಗಿಬಿಟ್ಟಳು. ಇಳಕಲ್ ಸೀರೆಯನ್ನು ಅಮ್ಮ ಅವತ್ತು ತೆಗೆದು ಉಡಿಸಿದಳು. ಆ ಕೆಂಪು ಗೀಟನ್ನು ನಾನು ಬೈದಷ್ಟು ಜೀವಮಾನದಲ್ಲಿ ಯಾರನ್ನೂ ಬೈದಿಲ್ಲ.

ಆ ಸಾಲುಮನೆ ಈಗಿಲ್ಲ, ಅಲ್ಲಿ ಲಾರಿಗಳು ನಿಲ್ಲುತ್ತವೆ. ಅಮ್ಮನೂ ಇಲ್ಲ. ಅಪ್ಪ ಹೊಸಪೇಟೆಯಲ್ಲಿ ನನ್ನ ಜೊತೆ ಇದ್ದಾನೆ, ಜನರ ಸಾಮಾನು ಎತ್ತಿ ಎತ್ತಿ ಮೊಣಕಾಲು ಸವೆಸಿಕೊಂಡು. ಹೋದ ಚಳಿಗಾಲ ಆ ಮೊಣಕಾಲು ತೋರಿಸಲೆಂದು ಬೆಂಗಳೂರಿಗೆ ವಿಮಾನದ ಟಿಕೆಟ್ಟನ್ನೇ ತೆಗೆಸಿದೆ. “ಬಸ್ಸಿಗೆ ಏನಾಗೇತಿ?” ಎಂದು ಎರಡು ದಿನ ಗೊಣಗಿದ. ಹೊರಡುವ ಬೆಳಿಗ್ಗೆ ನೋಡಿದರೆ ಬಗಲಲ್ಲಿ ಕೌದಿ! ಚಳಿಗೆ ಅಂದ. ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಕೌದಿಯನ್ನು ಹಿಚುಕಿ ನೋಡಿ, “ಈ ಮೂಲ್ಯಾಗ ಏನೋ ಪುಡಿಪುಡಿ ಆಗಾಕತ್ತೈತಲ್ರಿ?” ಎಂದಳು. “ರೊಟ್ಟಿ ಐತವ್ವ, ನಮ್ಮವ್ವ ಇಟ್ಟಿದ್ದು” ಎಂದ ಅಪ್ಪ. ಅವಳು ಒಮ್ಮೆ ಅಪ್ಪನನ್ನೂ ಒಮ್ಮೆ ಕೌದಿಯನ್ನೂ ನೋಡಿ, ಮಡಚಿ ಕೈಗೆ ಕೊಟ್ಟಳು. ಹೊರಗೆ ನಿಂತಿದ್ದ ವಿಮಾನದ ಬಾಲದ ಮೇಲೆ ಈಗ ಹಕ್ಕಿ ಹಾಳಾಗಲಿ, ಗೀಟೂ ಇರಲಿಲ್ಲ. ಬರೀ ನಾಲ್ಕು ಸಣ್ಣ ಅಕ್ಷರ. “ಓದಾಕ ಬರೋರಿಗೆ ಅಷ್ಟ ವಿಮಾನ ಈಗ” ಎಂದು ಅಪ್ಪ ನಿಧಾನಕ್ಕೆ ಮೆಟ್ಟಿಲು ಹತ್ತಿದ.

ಕಿಟಕಿಯ ಪಕ್ಕ ಅವನನ್ನು ಕೂರಿಸಿದೆ. ವಿಮಾನ ಎದ್ದಿದ್ದೇ ತಡ, ಅವನ ಹೆಗಲ ಮೇಲಿಂದ ಬಗ್ಗಿ ಕೆಳಗೆಲ್ಲ ಹೊಳೆ ಹುಡುಕತೊಡಗಿದೆ. “ಎಲ್ಲೈತಪಾ ಕಂಪ್ಲಿ?” ಎಂದು ಅವನ ತೋಳು ಅಲುಗಿಸಿದೆ. “ಕಂಪ್ಲಿ ಬರಂಗಿಲ್ಲವ್ವ” ಎಂದ ಅಪ್ಪ, ಕಿಟಕಿಯಿಂದ ಮುಖ ತಿರುಗಿಸದೆ. “ಅದು ಉತ್ತರಕ್ಕಾತು, ಬೆನ್ನ ಹಿಂದ. ಬೆಂಗಳೂರು ವಿಮಾನ ಎದ್ದ ಕೂಡ್ಲೆ ಸಂಡೂರು ಗುಡ್ಡದ ಕಡಿಗೆ ತಿರುಗತೈತಿ. ದಿನಾ ನೋಡೀನಲ್ಲ.” “ಅಜ್ಜಿಗೆ?” ಎಂದೆ. “ಹೇಳಲಿಲ್ಲ. ಹೆಂಗ ಹೇಳ್ಲಿ? ಸೀರಿ ತಗದು ಇಟಗೊಂಡು ಕುಂತಾಕಿಗೆ ಹೆಂಗ ಹೇಳ್ಲಿ? ಹೊಸ ಬಿಲ್ಲೆ ಬಂದಾಗೆಲ್ಲ, ಖರೇ ಹೇಳ್ತೀನಿ, ಹೊಟ್ಟಿ ಉರಿತಿತ್ತು, ಮನಸ್ಸು ಹಗುರನೂ ಆಗ್ತಿತ್ತು.” ಕೆಳಗೆ ಸಂಡೂರಿನ ಗುಡ್ಡಗಳು ಸರಿದು ಬಂದವು, ಅಗೆದು ಅಗೆದು ಹಸಿ ಗಾಯದ ಹಾಗೆ ಕೆಂಪಾಗಿದ್ದವು. ಹೊಳೆಯ ಸುಳಿವೇ ಇಲ್ಲ.

ಅಪ್ಪ ತೊಡೆಯ ಮೇಲಿನ ಕೌದಿಯ ಮಡಿಕೆ ಬಿಚ್ಚಿದ. ಮೂಲೆಯಲ್ಲಿ ಕೊಕ್ಕರೆ, ಬಿಳುಪು ಹೋಗಿ ಹಳದಿಗೆ ತಿರುಗಿದ್ದು. ಆ ಮೂಲೆಯನ್ನು ಎತ್ತಿ ಕಿಟಕಿಯ ಗಾಜಿಗೆ ಹಿಡಿದ. “ಅವ್ವಾ” ಎಂದ, ಪಕ್ಕದ ಸೀಟಿನವರ ಪರಿವೆಯೂ ಇಲ್ಲದೆ, “ಬಂತ್ ನೋಡಬೇ ನಿನ್ನ ಕಂಪ್ಲಿ.” ತಿರುಗಿ ನನ್ನ ಮುಖ ನೋಡಿದ. ಹಾಸಿಗೆಯಿಂದ ಅಜ್ಜಿ ನೋಡುತ್ತಿದ್ದಳಲ್ಲ, ಹಾಗೇ.

ನಾನು ಗಾಜಿಗೆ ಮುಖ ಹಚ್ಚಿ, ಆ ಕೆಂಪು ಗುಡ್ಡಗಳನ್ನು ನೋಡುತ್ತಾ ಹೇಳಿದೆ: “ಹೌದಜ್ಜಿ, ಹೊಳಿ ತುಂಬಿ ಹರಿಯಾಕತ್ತೈತಿ. ಎಲ್ಲಿ ನೋಡಿದ್ರೂ ಭತ್ತ, ಹಸರ. ಒಂದ್ ಬದೂ ಕಾಣವಲ್ದು.”