ಬರೀ ನೀರ್‌ಗಂಜಿ ಕಣ್ ಮಗ

ಇವತ್ತು ಕೊಟ್ಟಿಗೆ ಬಾಚಿದೆ. ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬಂದೆ. ಹುರುಳಿಕಾಳು ಬೇಯಲಿಟ್ಟೆ, ಮೊಮ್ಮಗಳು ಮಾನ್ವಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ, ಒಣಗಿದ ಬಟ್ಟೆ ಮಡಚಿಟ್ಟೆ. ಮಧ್ಯಾಹ್ನ ಮಗಳ ಮುಂದೆ ಒಂದು ತಪ್ಪು ಒಪ್ಪಿಕೊಂಡೆ — ಅರ್ಧ ಮಾತ್ರ. ಉಳಿದ ಅರ್ಧ ಇಲ್ಲಿದೆ.

ಪವಿ, ನೀನು ಚಿಕ್ಕವಳಿದ್ದಾಗ ಹೊಕ್ಕಳ ಸುತ್ತ ಕೈಯಾಡಿಸಿಕೊಂಡು ಅಳುತ್ತಿದ್ದೆಯಲ್ಲ, ಆಗ ನಿನ್ನ ಗಂಜಿಗೆ ಹಾಲು ಬೆರೆಸುತ್ತಿದ್ದವಳು ನಾನು. ಇಷ್ಟನ್ನು ಹೇಳಿದೆ. ಹೇಳದೆ ನುಂಗಿಕೊಂಡದ್ದು — ಆ ಹಾಲೇ ನಿನಗೆ ಆಗುತ್ತಿಲ್ಲವೆಂದು ನನಗೆ ಗೊತ್ತಿತ್ತು.

ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಬೇಕು. ಒಂದು ಬೇಸಿಗೆ ರಜೆಯಲ್ಲಿ ನಿನ್ನನ್ನು ಮಳವಳ್ಳಿಗೆ, ನನ್ನ ತಂಗಿ ಜಯಮ್ಮನ ಮನೆಗೆ ಕಳಿಸಿದ್ದೆ. ಕರೆದುಕೊಂಡು ಬರಲು ಹೋದಾಗ ಅವಳು ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು, "ಅಕ್ಕ, ಇಲ್ಲಿಗ್ ಬಂದಾಗ್ಲಿಂದ ಮಗ ಒಂದಿನಾನೂ ಒಟ್ಟೆ ಇಡ್ಕಂಡಿಲ್ಲ ಕಣೆ. ನಮ್ಮನೇಲಿ ಆಲೇ ಇಲ್ಲ, ಬರೀ ಬೆಲ್ಲದ್ ಕಾಪಿ. ಆ ಆಲ್ನ ಒಂದೀಟ್ ಬುಟ್ ನೋಡು."

ನನಗೆ ಉರಿದುಹೋಯಿತು. "ನಿಮ್ ಮನೇಲಿ ಅಸ ಇಲ್ಲ ಅಂತ ನಮ್ ಅಸೀನ್ ಆಲ್ಗೆ ಯಾಕೆ ಕಣ್ಣಾಕೀಯೆ?" ಎಂದುಬಿಟ್ಟೆ. ಒಡಹುಟ್ಟಿದವಳಿಗೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮೂರು ಹೊಳಲಿಗೆ ಬಂದ ಮೇಲೆ ನೀನು ಹಾಲಿನ ಲೋಟ ದೂಡಿದೆ. ನಿನ್ನಜ್ಜಿ, ನನ್ನತ್ತೆ, ನಡುಮನೆಯಲ್ಲಿ ಕೂತಿದ್ದವರು ತಲೆ ಎತ್ತಿದರು. "ಆಲ್ ಬ್ಯಾಡ ಅಂದ ಮನೇಲಿ ಅಸ ನಿಲ್ಲಕಿಲ್ಲ ಕಣವ್ವ," ಎಂದರು. ಆ ಮಾತು ನಿನಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಆ ಹಸು ಬರುವವರೆಗೆ ಆ ಮನೆಯಲ್ಲಿ ನಾನು ಬರೀ ಸೊಸೆ. ಬಂದ ಮೇಲೆ, "ನಮ್ ಸೊಸೆ ಕೈಗೆ ಆಲ್ ಇಳಿಸ್ತದೆ" ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದರು. ನನ್ನ ಮಗಳೇ ಆ ಹಾಲು ಬೇಡವೆಂದರೆ — ಹಸು ಬತ್ತಿದರೆ — ನಾಳೆ ಯಾರ ಮೇಲೆ ಬರುತ್ತದೆ ಮಾತು?

ಹೀಗೆಂದು ಬರೆಯುವಾಗಲೇ ಇದೊಂದು ನೆಪದಂತೆ ಕಾಣುತ್ತದೆ. ನೆಪವೇ.

ಮಾರನೆಯ ಬೆಳಗ್ಗೆ ರಾಗಿ ಗಂಜಿ ಕಾಯಿಸಿದೆ. ಬೆಲ್ಲ ಹೆಚ್ಚಿಗೆ ಹಾಕಿ, ನೀನು ಮುಖ ತೊಳೆಯಲು ಹೋದಾಗ ಹಾಲು ಬಗ್ಗಿಸಿದೆ. ನೀನು ಬಂದು ಲೋಟವನ್ನು ಮೂಸಿ ಕೇಳಿದೆ, "ಅವ್ವ, ಇದ್ರಲ್ ಆಲಿಲ್ಲ ತಾನೆ?"

"ಇಲ್ಲ. ಬರೀ ನೀರ್‌ಗಂಜಿ ಕಣ್ ಮಗ."

ನಂಬಿ ಕುಡಿದೆ. ಪೂರ್ತಿ ಕುಡಿದೆ.

ನೋವು ಮತ್ತೆ ಶುರುವಾಯಿತು. ಅತ್ತೆ, "ಒಕ್ಕಳು ಜಾರೈತೆ" ಎಂದು ನಿನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಪುಟ್ಟ ಹಣತೆ ಹಚ್ಚಿಟ್ಟು ಅದರ ಮೇಲೆ ಚೊಂಬು ಮಗುಚಿದರು. ದೀಪ ಆರಿ ಚೊಂಬು ಚರ್ಮವನ್ನು ಕಚ್ಚಿಕೊಂಡಿತು. ನೀನು ನನ್ನ ಸೆರಗು ಹಿಡಿದು, "ಅವ್ವ ಬುಡಿಸವ್ವ" ಎಂದೆ. ನಾನು ನಿನ್ನ ಕಾಲು ಅಲ್ಲಾಡದಂತೆ ಹಿಡಿದುಕೊಂಡಿದ್ದೆ. ಯಾವುದೂ ಜಾರಿಲ್ಲ ಎಂದು ಗೊತ್ತಿದ್ದೂ ಹಿಡಿದುಕೊಂಡಿದ್ದೆ. ಗೊತ್ತಿತ್ತು, ಏಕೆಂದರೆ ಕರು ಹೆಚ್ಚು ಕುಡಿದು ಗಂಜಿಗೆ ಹಾಲು ಸಾಲದೆ ಹೋದ ದಿನಗಳಲ್ಲಿ ನೀನು ಸ್ಕೂಲಿನಿಂದ ಕುಣಿಯುತ್ತಾ ಬರುತ್ತಿದ್ದೆ. ಅದನ್ನು ನೋಡಿದ್ದೆ. ನೋಡಿಯೂ ಮಾರನೆಯ ದಿನ —

ಕೊನೆಗೆ ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ಹೊಟ್ಟೆ ಒತ್ತಿ ನೋಡಿದರು. ಮಕ್ಕಳಿಗೆ ಹೊಕ್ಕಳ ಸುತ್ತ ನೋವು ಬಂದು ಹೋಗುವುದಕ್ಕೆ ಕಾರಣ ಹತ್ತಾರು ಇರುತ್ತವೆ ಎಂದರು. ಜಂತುಹುಳ ಇರಬಹುದು, ಮಲ ಕಟ್ಟಿರಬಹುದು, ಸ್ಕೂಲಿನ ಅಂಜಿಕೆಗೂ ನಿಜವಾದ ನೋವೇ ಬರಬಹುದು, ಕೆಲವರಿಗೆ ಹಾಲು ಒಗ್ಗುವುದಿಲ್ಲ. ಆಮೇಲೆ ನನ್ನನ್ನೇ ನೋಡಿ ಕೇಳಿದರು, "ಹಾಲು ಕುಡಿದಾಗ ಜಾಸ್ತಿ ಆಗುತ್ತೇನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿದೆ, "ನಾನ್ ಆಲೇ ಕುಡಿಯಕಿಲ್ಲ ಡಾಕ್ಟ್ರೇ. ಬಿಟ್ಬುಟ್ಟಿವ್ನಿ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹೂಂ ಎಂದು ತಲೆಯಾಡಿಸಿದೆ.

ನಿನ್ನ ಸತ್ಯವನ್ನೇ ನನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡೆ ಪವಿ. ಅವರು ಜಂತುಹುಳದ ಔಷಧಿ ಬರೆದರು, ಸ್ಕೂಲಿನಲ್ಲಿ ಏನಾದರೂ ತೊಂದರೆ ಇದೆಯೇ ಕೇಳಿ ಎಂದರು. ಅವರು ಮೊದಲೇ ಹೇಳಿದ್ದ 'ನಿಜವಾದ ನೋವೇ' ಎಂಬ ಮಾತನ್ನು ನಾನು ಮನೆಗೆ ತರಲಿಲ್ಲ. "ಏನೂ ಇಲ್ವಂತೆ, ಸ್ಕೂಲ್ಗೆ ಎದರ್ಕತಾಳಂತೆ" ಎಂದಷ್ಟೇ ಬಂದು ಹೇಳಿದೆ. ಅಂದಿನಿಂದ ನಿನ್ನ ನೋವಿಗೆ ನಾಟಕ ಎಂಬ ಹೆಸರು ಬಂತು.

ಮದ್ದೂರಿನಲ್ಲಿ ಖೋಖೋ ಪಂದ್ಯವಿದ್ದ ದಿನ ನೆನಪಿದೆಯೇ? ನಿನಗೆ ಮರೆತಿರಲಾರದು. ಶಕ್ತಿ ಬರಲಿ ಎಂದು — ಹೌದು, ಶಕ್ತಿ ಬರಲಿ ಎಂದೇ — ಗಂಜಿಗೆ ಇನ್ನಷ್ಟು ಹಾಲು ಸುರಿದಿದ್ದೆ. ಆಟದ ನಡುವೆ ನೀನು ಹೊಟ್ಟೆ ಹಿಡಿದು ಅಂಕಣದಲ್ಲೇ ಕುಕ್ಕರಿಸಿದೆ. ಜೊತೆಯ ಹುಡುಗಿಯರು ಬಸ್ಸಿನುದ್ದಕ್ಕೂ ನಿನ್ನನ್ನು ಆಡಿಕೊಂಡರಂತೆ. "ಒಟ್ಟೆನೋವ್ ಪವಿ" ಎಂಬ ಅಡ್ಡಹೆಸರು ಊರಿಗೆಲ್ಲ ಹಬ್ಬಿತು, ನಿನ್ನ ಮದುವೆಯ ಚಪ್ಪರದಲ್ಲಿ ಕೂಡ ಯಾರೋ, "ಉಸಾರು ಕಣಪ್ಪ, ತಾಳಿ ಕಟ್ಟೋವಾಗ ಒಟ್ಟೆ ಇಡ್ಕಂಡಾಳು" ಎಂದು ನಗಿಸಿದರು. ಎಲ್ಲರ ಜೊತೆ ನಾನೂ ನಕ್ಕೆ.

ನೀನು ಹಾಸ್ಟೆಲಿಗೆ ಹೋದ ಮೇಲೆ ನೋವು ನಿಂತಿತು. "ಬೆಳುದ್ಲು, ನಾಟ್ಕ ಬುಟ್ಲು" ಎಂದರು ಎಲ್ಲರೂ. ನಾನು ಸುಮ್ಮನಿದ್ದೆ, ಇಲ್ಲಿಯವರೆಗೂ ಸುಮ್ಮನೇ ಇರುತ್ತಿದ್ದೆನೋ ಏನೋ.

ಆದರೆ ಇವತ್ತು ನೀನು ನಿನ್ನ ಗಂಡನೂರು ಗುತ್ತಲಿನಿಂದ ಮಾನ್ವಿಯನ್ನು ಕರೆತಂದೆ. ಅವಳು ಗೋಡೆಗೊರಗಿ ಹೊಕ್ಕಳ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಅದೇ ಕೂರುವ ರೀತಿ. ನೀನು ಹಾಲಿನ ಲೋಟ ಅವಳ ಮುಖದ ಮುಂದೆ ಹಿಡಿದು ಹೇಳುತ್ತಿದ್ದೆ, "ನಾಟ್ಕ ಆಡ್ಬ್ಯಾಡ ಕಣೆ, ಇದು ಸ್ಕೂಲ್ ಒಟ್ಟೆನೋವು. ನಂಗೂ ಬತ್ತಿತ್ತು. ಆಲ್ಗೂ ಅದ್ಕೂ ಏನೂ ಇಲ್ಲ. ನಾನ್ ಆಲ್ ಮುಟ್ತಾನೇ ಇರ್ಲಿಲ್ಲ, ಕೇಳು ಬೇಕಾರೆ ಅಜ್ಜೀನ."

ಕೇಳು ಬೇಕಾರೆ ಅಜ್ಜೀನ.

ಲೋಟವನ್ನು ನಿನ್ನ ಕೈಯಿಂದ ತೆಗೆದುಕೊಂಡೆ. "ನಿನ್ ಗಂಜೀಲಿ ಆಲಿತ್ತು ಕಣವ್ವ," ಎಂದೆ. "ದಿನಾ ಆಕ್ತಿದ್ದೆ."

ನೀನು ಮಾನ್ವಿಯ ಪಕ್ಕ ಗೋಡೆಗೊರಗಿ ಕೂತೆ. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕೇಳಿದೆ, "ಅಂಗಾರೆ ನಂಗೆ ನಿಜ್ವಾಗ್ಲೂ ನೋಯ್ತಿತ್ತಾ ಅವ್ವ?"

ಬೈಯುತ್ತೀಯೆಂದು ಕಾದಿದ್ದೆ. ಎಲ್ಲರೂ ಹೇಳಿ ಹೇಳಿ, ನಿನ್ನ ಮೈಯ ನೋವನ್ನು ನೀನೇ ನಂಬದಂತಾಗಿತ್ತೇ! "ನೋಯ್ತಿತ್ತು ಮಗ" ಎಂದೆ. ನೀನು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದೆ. "ಓಗ್ಲಿ ಬುಡವ್ವ. ನಿಂಗೇನ್ ಗೊತ್ತಿತ್ತಾ ಪಾಪ."

ಆ 'ಪಾಪ'ವನ್ನು ನಾನು ಇಟ್ಟುಕೊಳ್ಳಲಾರೆ. ಅದು ನನಗೆ ಸಲ್ಲಬೇಕಾದದ್ದಲ್ಲ. ಗೊತ್ತಿತ್ತು — ಜಯಮ್ಮ ಹೇಳಿದ್ದಳು, ಡಾಕ್ಟರು ಕೇಳಿದ್ದರು, ನನ್ನ ಕಣ್ಣೇ ಕಂಡಿತ್ತು.

ನಾಳೆ ಬೆಳಗ್ಗೆ ಮಾನ್ವಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ನಾನೂ ಬರುತ್ತೇನೆ. ಅವಳ ನೋವಿಗೂ ಹಾಲೇ ಕಾರಣವೆಂದು ತೀರ್ಪು ಕೊಡಲು ನಾನು ಯಾರೂ ಅಲ್ಲ, ಅವರು ನೋಡಿ ಹೇಳಲಿ. ಅವರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಅದಕ್ಕೂ ಮೊದಲು, ಬಸ್‌ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿ, ಇಲ್ಲಿರುವುದನ್ನೆಲ್ಲ ನಿನಗೆ ಬಾಯಿಬಿಟ್ಟು ಹೇಳುತ್ತೇನೆ. ನೀನು ಹಿಡಿದ ಕೈ ಬಿಟ್ಟರೂ ಸರಿ.

ರಾತ್ರಿ ನಮಗಿಬ್ಬರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಾನ್ವಿಗೆ ರಾಗಿ ಗಂಜಿ. ಲೋಟ ಕೈಗೆ ಕೊಟ್ಟಾಗ ಅವಳು ಮೂಸಿ ನೋಡಿ, "ಅಜ್ಜಿ, ಹಾಲಿಲ್ಲ ತಾನೆ?" ಎಂದಳು. ಲೋಟವನ್ನು ನಿನ್ನ ಕಡೆ ಚಾಚಿದೆ, ನೀನು ಒಂದು ಗುಟುಕು ಕುಡಿದು, "ಇಲ್ಲ ಕುಡಿ" ಎಂದೆ. ಆಮೇಲೆ ಕುಡಿದಳು. ಮೊದಲು ಮಲಗಿದವಳು ಅವಳೇ. ಅವಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಸ್ವಲ್ಪ ಹೊತ್ತಿಗೆ ನೀನು.