ಕಂಡದ್ದನ್ನು ಹೇಳದವಳು

ಶಿರಾದ ನಮ್ಮ ಬೀದಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸಲು ಕರೆಯುವುದು ಶಾಹಜಾದಿಯನ್ನು. ಹೊಲಿಗೆ ಮಿಷನ್ ನಿಲ್ಲಿಸಿ ತಕ್ಷಣ ಹೊರಡುತ್ತಾಳೆ. ಎಲಚಿ ಎಲೆ ಹಾಕಿ ಕಾಯಿಸಿದ ನೀರು, ಕರ್ಪೂರ, ಬಿಳಿ ಬಟ್ಟೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಸತ್ತವರ ಮೈಮೇಲೆ ಕಂಡ ಊನವನ್ನು ಹೊರಗೆ ಆಡಬಾರದು, ಮುಚ್ಚಿಟ್ಟರೆ ಪುಣ್ಯ ಎಂದು ಅತ್ತೆ ಕಲಿಸಿದ್ದರಂತೆ. ಬೀದಿಯ ಹೆಂಗಸರಿಗೆಲ್ಲ ಅವಳ ಮೇಲೆ ಗೌರವವಿದ್ದದ್ದೇ ಆ ಬಾಯಿ ಬಿಗಿಹಿಡಿಯುವ ಗುಣಕ್ಕೆ. ಪಕ್ಕದ ಮನೆಯ ಅಂಗನವಾಡಿ ಟೀಚರ್ ನಾನು, ನನಗೂ ಇತ್ತು.

ಮೂರು ವರ್ಷದ ಹಿಂದೆ ನಮ್ಮದೇ ಬೀದಿಯ ಸಾದಿಯಾ ಸತ್ತಳು. ಇಪ್ಪತ್ತಾರು ವಯಸ್ಸು, ಎರಡು ಪುಟ್ಟ ಮಕ್ಕಳು. ಬಚ್ಚಲಲ್ಲಿ ಜಾರಿಬಿದ್ದಳು ಎಂದು ಗಂಡ ಅಕ್ರಂ ಹೇಳಿದ, ಎಲ್ಲರೂ ನಂಬಿದರು. ಆದರೆ ಸ್ನಾನಕ್ಕೆ ಮಗ್ಗುಲು ಹೊರಳಿಸುವಾಗ ಶಾಹಜಾದಿ ಅವಳ ಬೆನ್ನು ನೋಡಿದಳು. ಬೆಲ್ಟಿನ ಬಾಸುಂಡೆಗಳು. ಕೆಲವು ಆಗಲೇ ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ನೀಲಿ. ತೊಳೆದು, ಬಟ್ಟೆ ಸುತ್ತಿ, ಸುಮ್ಮನೆ ಮನೆಗೆ ಬಂದಳು.

ನಾಲ್ಕು ತಿಂಗಳಾದ ಮೇಲೆ ಸಾದಿಯಾಳ ತಾಯಿ ಶಾಹಜಾದಿಯ ಮನೆಗೆ ಬಂದರು. ಮಕ್ಕಳು ಮಲತಾಯಿಯ ಕೈಗೆ ಸಿಗುವುದು ಬೇಡ, ಚಿಕ್ಕಮ್ಮನೇ ಸಾಕಲಿ ಎಂದು ಕಿರಿಮಗಳು ಮುಬೀನಾಳನ್ನು ಅಕ್ರಂಗೇ ಕೊಡುವ ಮಾತು ನಡೆದಿತ್ತು.

"ಕೊನೇದಾಗಿ ಅವಳ್ನ ನೋಡ್ದೋಳು ನೀನು. ಮೈಮೇಲೆ ಏನಾರಾ ಇತ್ತಾ, ಹೇಳ್ಬುಡಮ್ಮ. ಇಲ್ಲ ಅಂದ್ರೆ ಕೊಡ್ತೀನಿ."

"ಏನೂ ಇರ್ಲಿಲ್ಲ. ಮುಖ ಹೂವಿನಂಗಿತ್ತು" ಎಂದಳು ಶಾಹಜಾದಿ, ಹೊಲಿಗೆಯಿಂದ ತಲೆ ಎತ್ತದೆ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ನಿಕಾಹ್ ಮುಗಿದ ಒಂದು ವಾರಕ್ಕೆ. ನನಗೆ ಮೈ ಉರಿದುಹೋಯಿತು.

"ಅಂಗನ್ನೋಕೆ ಹೆಂಗೆ ಮನಸ್ಸು ಬಂತು ನಿಂಗೆ?"

"ಹೇಳಿದ್ರೆ ಪಾಪ ಅಲ್ವಾ ಟೀಚರಮ್ಮ" ಎಂದಳು. ಹಲ್ಲಿನಿಂದ ದಾರ ಕಡಿದು, "ಒಂದ್ಸಲ ಬಾಯಿ ಬುಟ್ರೆ ಆಮೇಲೆ ನನ್ನ ಯಾರು ಕರೀತಾರೆ?" ಎಂದಳು.

ಆ ಎರಡನೆಯ ಮಾತೇ ನಿಜ. ಕಳ್ಳತನವಿಲ್ಲ, ಚಾಡಿಯಿಲ್ಲ, ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲ ಒಂದಿತ್ತು ಅವಳಿಗೆ. ಅದೇ ಸಾಕಾಯಿತು. ಬಾಯಿಗೆ ಬಂದಂತೆ ಬೈದ ನಾನಾದರೂ ಏನು ಮಾಡಿದೆ? ಅವರ ಮನೆ ವಿಷಯ ನಮಗ್ಯಾಕೆ ಎಂದರು ನಮ್ಮ ಯಜಮಾನರು. ನನಗೂ ಅಷ್ಟೇ ಬೇಕಿತ್ತು.

ಹೋದ ಶುಕ್ರವಾರ ಶಾಹಜಾದಿಯ ಮನೆಯಲ್ಲಿ ಕೂತಿದ್ದೆ. ಮುಬೀನಾ ಬಂದಳು. ಗೋಡೆಯ ಪಕ್ಕದಲ್ಲೇ ಕೂತರೂ ಬೆನ್ನು ಒರಗಿಸಲಿಲ್ಲ. ಅದನ್ನು ನಾವಿಬ್ಬರೂ ನೋಡಿದೆವು. ಟೀ ಕುಡಿದು ಏಳುವಾಗ ಅವಳು ಶಾಹಜಾದಿಯ ಕೈ ಹಿಡಿದುಕೊಂಡಳು.

"ನಂಗೇನಾದ್ರೂ ಆದ್ರೆ ನೀವೇ ಬನ್ನಿ ಖಾಲಾ. ಬೇರೆಯೋರು ಅಮ್ಮಿಗೆ ಹೇಳ್ಬುಡ್ತಾರೆ."

ಶಾಹಜಾದಿ ತಲೆಯಾಡಿಸಿದಳು. ನಾನು ಅಲ್ಲೇ ಕೂತಿದ್ದೆ.