ಅಂಗೈಗೆ ಅಂಟಿದ ವಾಸನೆ

ನನ್ನ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ ಒಂದು ಹಿತ್ತಾಳೆಯ ಡಬ್ಬಿ ಇದೆ. ಬೆರಳುದ್ದದ್ದು, ಎರಡೂ ತುದಿಗೆ ಮುಚ್ಚಳ. ಒಂದು ಕಡೆ ತಂಬಾಕು ಇಡಲಿಕ್ಕೆ, ಇನ್ನೊಂದು ಕಡೆ ಸುಣ್ಣ. ನಮ್ಮ ಶಹಾಪುರ, ಸುರಪುರದ ಕಡೆ ನನ್ನ ವಯಸ್ಸಿನ ಗಂಡಸರ ಜೇಬು ತಡವಿದರೆ ಇಂಥದ್ದೊಂದು ಸಿಕ್ಕೇ ಸಿಗುತ್ತದೆ. ಅಂಗೈಯಲ್ಲಿ ತಂಬಾಕು ತಿಕ್ಕಿ, ತಟ್ಟಿ, ಎದುರಿಗಿದ್ದವನಿಗೂ ಒಂದು ಚಿಟಿಕೆ ಕೊಟ್ಟು ಮಾತಿಗೆ ಕೂತರೆ ಹೊತ್ತು ಇಳಿದದ್ದು ತಿಳಿಯುವುದಿಲ್ಲ. ನನ್ನ ಡಬ್ಬಿಯಲ್ಲಿ ಮಾತ್ರ ಈಗ ತಂಬಾಕಿಲ್ಲ. ಯಾಕಿಲ್ಲ ಎಂಬುದನ್ನು ನಿಮಗೆ ಹೇಳಿ ಹಗುರಾಗಬೇಕೆಂದು ಕೂತಿದ್ದೇನೆ.

ಕಾಲುವೆ ಬಂದ ಹೊಸತರ ಮಾತು. ವನದುರ್ಗದ ಆಚೆಗಿನ ನಮ್ಮ ಊರಿನಲ್ಲಿ ತಲೆತಲಾಂತರದಿಂದ ಜೋಳ ಬೆಳೆದವರೆಲ್ಲ ನೀರು ಕಂಡ ಹುರುಪಿನಲ್ಲಿ ಭತ್ತಕ್ಕೆ ತಿರುಗಿದರು. ಬತ್ತಿದ್ದ ನಮ್ಮ ಬಾವಿಯಲ್ಲೂ ನೀರು ಊರಿತು. ಆ ಬಾವಿಯ ದಂಡೆಯ ಎತ್ತರದ ಎಕರೆಯನ್ನು ಸೊಸೆ ಮಲ್ಲಮ್ಮ ತನಗೆ ಕೇಳಿದಳು. ಹಿಪ್ಪುನೇರಳೆ ಹಚ್ಚಿ ರೇಷ್ಮೆ ಹುಳು ಸಾಕುವೆನೆಂದಳು. ದನದ ಕೊಟ್ಟಿಗೆ ತೊಳೆದು, ಸುಣ್ಣ ಬಳಿದು, ಬಿದಿರಿನ ತಟ್ಟೆಗಳನ್ನು ಹಂತಹಂತವಾಗಿ ಜೋಡಿಸಿದಳು. ಚಹಾದ ಅಂಗಡಿಯಲ್ಲಿ ನನ್ನ ಗೆಳೆಯರಿಗೆ ಅದೇ ಹಬ್ಬ.

“ಏನೋ, ನಿನ್ನ ಸೊಸಿ ಹುಳಕ್ಕ ಬಾಣಂತನ ಮಾಡಾಕತ್ತಾಳಂತ? ತೊಟ್ಟಲಾ ಯಾವಾಗ ಕಟ್ಟಸ್ತಿ?”

ನಾನೂ ನಕ್ಕೆ. ಆದರೆ ಮನೆಗೆ ಬಂದು ನೋಡಿದರೆ ಅದು ಬಾಣಂತನಕ್ಕಿಂತ ಕಡಿಮೆಯದ್ದೇನೂ ಆಗಿರಲಿಲ್ಲ. ಸಾಸಿವೆಯಷ್ಟು ಮೊಟ್ಟೆಯಿಂದ ಎದ್ದ ಎಳೆಹುಳಕ್ಕೆ ಕುಡಿ ಎಲೆಯನ್ನೇ ಹೆಚ್ಚಿ ಹಾಕಬೇಕು. ಅದು ಆಗಾಗ ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಹಳೆಯ ತೊಗಲು ಕಳಚಿ ಏಳುತ್ತದೆ. ಇದಕ್ಕೆ ಜ್ವರವೆಂದೇ ಹೆಸರು. ಆ ಹೊತ್ತಿನಲ್ಲಿ ಸೊಸೆ ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು, ಹಾಸು ಒಣಗಿರಲೆಂದು ಹುಳದ ಮೇಲೆ ಮೆಲ್ಲಗೆ ಉದುರಿಸುತ್ತಿದ್ದಳು, ಕೂಸಿಗೆ ಪೌಡರು ಹಚ್ಚಿದ ಹಾಗೆ. ಬೆಳೆದ ಹುಳುಗಳು ಎಲೆ ತಿನ್ನುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು, ಯಾರೋ ಒಳಗೆ ಕೂತು ಸಜ್ಜೆ ಕೇರುತ್ತಿದ್ದಾರೇನೋ ಎಂಬಂತೆ.

ಬಾಗಿಲಲ್ಲಿ ಒಂದು ಕೊಡ ನೀರು. ಕೈಕಾಲು ತೊಳೆದೇ ಒಳಗೆ. ನನಗಂತೂ ಕೈ ತೊಳೆದರೂ ಒಳಗೆ ಬಿಡುತ್ತಿರಲಿಲ್ಲ.

“ಮಾವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ತಂಬಾಕ ಮುಟ್ಟಿದ ಕೈ ಹುಳಕ್ಕ ಆಗಿಬರಂಗಿಲ್ಲ,” ಎಂದಿದ್ದಳು.

ನಾನು ಕಟ್ಟಿಸಿದ ಕೊಟ್ಟಿಗೆಯಿಂದ ನನ್ನನ್ನೇ ಹೊರಗಿಟ್ಟಳಲ್ಲ ಎಂಬ ಉರಿ ಒಳಗೇ ಉಳಿಯಿತು. ಹುಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಅವಳು ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಸುರಪುರಕ್ಕೆ ಹೋದಳು. ಬರುವುದು ತಡವಾಯಿತು. ತಟ್ಟೆಗಳಲ್ಲಿ ಎಲೆ ಮುಗಿದು ಹುಳುಗಳು ತಲೆಯೆತ್ತಿ ಹುಡುಕುತ್ತಿದ್ದವು. ಆಗಷ್ಟೇ ತಂಬಾಕು ತಿಕ್ಕಿದ್ದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಒಳಗೆ ಹೋದೆ. ಕೊಯ್ದಿಟ್ಟಿದ್ದ ಎಲೆಯನ್ನು ಬಾಚಿ ಬಾಚಿ ಹಾಕಿದೆ. ಹೊರಗೆ ಬರುವಾಗ ಎಂಥ ಹೆಮ್ಮೆ ನನಗೆ!

ಸಂಜೆಯ ಹೊತ್ತಿಗೆ ಹುಳುಗಳು ತಲೆಯನ್ನು ಅತ್ತಿತ್ತ ತೂಗಿ, ಹಸಿರು ರಸ ಕಾರಿ, ಮುದುಡತೊಡಗಿದ್ದವು. ಮಲ್ಲಮ್ಮ ಬಂದವಳು ಸತ್ತ ಒಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತಳು.

“ಬಾಜೂ ಹೊಲದ ಹತ್ತಿಗಿ ಎಣ್ಣಿ ಹೊಡದಾರೇನ್ರಿ ಮಾವಾರ? ಎಲಿಗಿ ಬಂದು ಕುಂತದ ಅನಸ್ತದ.”

ಎಣ್ಣೆ ಎಂದರೆ ನಮ್ಮಲ್ಲಿ ಬೆಳೆಗೆ ಹೊಡೆಯುವ ಔಷಧ. ಅವಳೇ ನನಗೊಂದು ಬಾಗಿಲು ತೆರೆದುಕೊಟ್ಟಂತಾಯಿತು. “ಹೂಂ ಅವ್ವಾ, ಗಾಳಿ ಈ ಕಡಿಗೇ ಇತ್ತು,” ಎಂದೆ.

ಗೆಳೆಯರೇ, ಕೈಯ ತಪ್ಪಿಗೆ ಕ್ಷಮೆ ಇರಬಹುದು, ಈ ಮಾತಿಗೆ ಇದೆಯೋ ಇಲ್ಲವೋ ನಾನರಿಯೆ. ಯಾಕೆಂದರೆ ಮಗ ಶರಣಪ್ಪ ಆ ಮಾತನ್ನೇ ಹಿಡಿದ. ಬಾಜೂದವರು ಹತ್ತಿ ಬಿಡುವುದಿಲ್ಲ, ಎಣ್ಣೆ ಹೊಡೆಯುವುದು ತಪ್ಪುವುದಿಲ್ಲ. ಅಂದ ಮೇಲೆ ಇಲ್ಲಿ ಹುಳು ಬದುಕುವುದಿಲ್ಲ, ಕಿತ್ತು ಭತ್ತ ಹಚ್ಚೋಣ ಎಂದ. ಮಲ್ಲಮ್ಮ ಖಾಲಿಯಾದ ತಟ್ಟೆಗಳನ್ನು ತೊಳೆದು ಬೋರಲು ಹಾಕಿದಳು. ಅದು ಎಣ್ಣೆಯಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ.

ಟ್ರ್ಯಾಕ್ಟರ್ ಬಂದ ದಿನ ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಸಾಲು ಸಾಲಾಗಿ ಗಿಡ ಬೇರು ಸಮೇತ ಏಳುತ್ತಿದ್ದವು. ಮಲ್ಲಮ್ಮ ಕಿತ್ತು ಬಿದ್ದ ಗಿಡಗಳಿಂದ ಗಟ್ಟಿ ಕಡ್ಡಿಗಳನ್ನು ಕತ್ತರಿಸಿ, ಹಸಿ ಗೋಣಿಯಲ್ಲಿ ಸುತ್ತಿ, ಎಲೆ ಕೊಯ್ಯಲು ಬರುತ್ತಿದ್ದ ಹೆಂಗಸರಿಗೆ ಹಂಚುತ್ತಿದ್ದಳು. “ಹಿತ್ತಲದಾಗರ ಚುಚ್ಚರೆವಾ, ಜೀವ ಅದ ಇದರಾಗ.” ಅರ್ಧ ಹೊಲ ಮುಗಿದಿತ್ತು. ನನ್ನಿಂದ ಕೂರಲಾಗಲಿಲ್ಲ.

“ನಿಂದರಸೋ ಶರಣಾ! ಎಣ್ಣಿ ಅಲ್ಲೋ ಅದು. ನನ್ನ ಕೈ. ತಂಬಾಕಿನ ಕೈಲೇ ಎಲಿ ಹಾಕೀನಿ.”

ಟ್ರ್ಯಾಕ್ಟರ್ ನಿಂತಿತು. ಮಗ ನನ್ನ ಮುಖ ನೋಡಲಿಲ್ಲ. ಮಲ್ಲಮ್ಮ ಕಡ್ಡಿಯ ಕಟ್ಟನ್ನು ಕೆಳಗಿಟ್ಟು ಅಂದಳು:

“ಆವತ್ತೇ ಹೇಳಿದ್ರ ಎಲಿ ತಗದು ಉಳದ ಹುಳರ ಉಳಿಸ್ಕೋತಿದ್ನಲ್ರಿ, ಮಾವಾರ.”

ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಉಳಿದ ಅರ್ಧ ಎಕರೆಯಿಂದಲೇ ಅವಳು ಮತ್ತೆ ಹುಳು ಎಬ್ಬಿಸಿದಳು. ಬಾಜೂದವರು ಎಣ್ಣೆ ಹೊಡೆಯುವ ಮುಂಚೆ ಕೂಗಿ ಹೇಳುವಂತೆ ತಾನೇ ಹೋಗಿ ಮಾತಾಡಿಕೊಂಡಳು. ಹಂಚಿದ ಕಡ್ಡಿಗಳು ಹಿತ್ತಲಲ್ಲಿ ಚಿಗುರಿ, ಹೊಲಕ್ಕೆ ಇಳಿದು, ಬೇಸಿಗೆ ಬಂತೆಂದರೆ ಗಂಟು ಕಟ್ಟಿ ದುಡಿಯಲು ದೂರ ಹೋಗುತ್ತಿದ್ದ ಎಷ್ಟೋ ಹೆಂಗಸರನ್ನು ಊರಲ್ಲೇ ನಿಲ್ಲಿಸಿದವು. ವರ್ಷಕ್ಕೊಮ್ಮೆ ಸುಗ್ಗಿ ಕಾಯುತ್ತಿದ್ದ ಮನೆಗಳಲ್ಲಿ ಈಗ ಗೂಡು ಬಿಡಿಸುವ ನಗೆ ಮತ್ತೆ ಮತ್ತೆ ಕೇಳುತ್ತದೆ. ಇದನ್ನು ನನ್ನ ಪುಣ್ಯದ ಲೆಕ್ಕಕ್ಕೆ ಹಾಕಬೇಡಿ. ನಾನು ಕೀಳಿಸಿದ್ದನ್ನು ಅವಳು ನೆಟ್ಟಳು. ಹುಳು ಹಣ್ಣಾದಾಗ ಮೈ ತಿಳಿಯಾಗಿ, ಒಳಗಿನದೆಲ್ಲ ನೂಲಾಗಿ ಬಾಯಿಂದ ಹೊರಬರುತ್ತದೆ. ನಾನೂ ಹಣ್ಣಾಗಿದ್ದೇನೆ, ನನ್ನ ಬಾಯಿಂದ ಬಂದದ್ದು ಇಷ್ಟು, ಅದೂ ತಡವಾಗಿ.

ತಂಬಾಕು ಬಿಟ್ಟ ಮೇಲೆ ಈ ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಎರಡೂ ಕಡೆ ಸುಣ್ಣದ ಪುಡಿ ತುಂಬಿ, ಹುಳಕ್ಕೆ ಉದುರಿಸಲೆಂದು ಕೊಟ್ಟಿಗೆಗೆ ಒಯ್ದೆ. ಮಲ್ಲಮ್ಮ ಹೊಸ್ತಿಲಲ್ಲೇ ತಡೆದು, ಮುಚ್ಚಳ ತೆಗೆದು ಮೂಸಿ ನಕ್ಕಳು.

“ವಾಸನಿ ಇನ್ನಾ ಹೋಗಿಲ್ರಿ ಇದರದು. ಡಬ್ಬಿ ಹೊರಗಿರಲಿ, ನೀವ್ ಒಳಗ ಬರ್ರಿ.”